ಇಳ್ಕೋ ಮಿಸ್ಸಿನ ಕಾಗದ

"ಇದು ಎಮ್ಮೆ ಹಾಲು ಕಣವ್ವ."

ಮಂಚಯ್ಯ ಚೀಟಿಯನ್ನು ಸ್ಟೇರಿಂಗಿನ ಮೇಲೆ ಹರಡಿಕೊಂಡು, ಗಾಳಿಗೆ ಹಾರದಂತೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ಸಲ ಓದಿದ. ಪಾಂಡವಪುರದ ಐದು ದೀಪದ ಸರ್ಕಲ್ಲಿನಿಂದ ಸ್ವಲ್ಪ ಮುಂದೆ, ಟೀ ಅಂಗಡಿಯೊಂದರ ಎದುರು ಬಾಡಿಗೆ ಕಾರು ನಿಂತಿತ್ತು. ಆಷಾಢ ಕಳೆದು ಎರಡು ದಿನವಾಗಿದ್ದರೂ ಗಾಳಿಗೆ ಅದು ಗೊತ್ತಾದಂತಿರಲಿಲ್ಲ. ರಸ್ತೆಯ ಧೂಳು, ಕಬ್ಬಿನ ತರಗು, ಅಂಗಡಿ ಮುಂದಿನ ಕಾಗದದ ಲೋಟ ಎಲ್ಲವೂ ಒಂದರ ಹಿಂದೊಂದು ಓಡುತ್ತಿದ್ದವು.

"ಅದೆಂಗೆ ಹೇಳ್ತೀರಾ ಮಂಚಣ್ಣ?" ಹಿಂದಿನ ಸೀಟಿನಿಂದ ರಂಜಿತ ಮುಂದಕ್ಕೆ ಬಗ್ಗಿದಳು.

"ಫ್ಯಾಟು ನೋಡಿ. ಏಳು ಪಾಯಿಂಟ್ ಎರಡು. ನಮ್ಮಟ್ಟೀಲಿ ಎರಡು ಸೀಮೆಹಸ ಅವೆ. ಎಷ್ಟ್ ಇಂಡಿ ತಿನ್ಸುದ್ರೂ ನಾಕರ ಮ್ಯಾಕೆ ಏರಾಕಿಲ್ಲ. ಇದು ಎಮ್ಮೇದೆಯ. ಈಗ ನಮ್ ಕಡೆ ಎಮ್ಮೆ ಕಟ್ಟೋರು ಎಷ್ಟ್ ಜನ ಅವ್ರೆ ಯೋಳಿ?"

ಅಂಗೈಯಗಲದ ಡೇರಿ ಚೀಟಿ. ದಿನಾಂಕ 14-07-2023, ಬೆಳಿಗ್ಗೆ. ಸದಸ್ಯರ ಸಂಖ್ಯೆ 117. ಹಾಲು ಮೂರೂವರೆ ಲೀಟರು. ಮೇಲ್ತುದಿಯಲ್ಲಿ ಊರಿನ ಹೆಸರಿದ್ದ ಜಾಗವನ್ನು ಯಾರೋ ಜೋಪಾನವಾಗಿ ಹರಿದು ತೆಗೆದಿದ್ದರು. ಚೀಟಿಯ ಬೆನ್ನಿಗೆ, ಇರುವೆ ಸಾಲಿನಂಥ ಪುಟ್ಟ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಒಂದು ಕಾಗದ.

ಅದನ್ನು ರಂಜಿತ ಎಷ್ಟು ಸಲ ಓದಿದ್ದಳೆಂದರೆ ಈಗ ಅದು ಅವಳ ತಲೆಯೊಳಗೆ ಕನ್ನಡದಲ್ಲೇ ಕೇಳಿಸುತ್ತಿತ್ತು.

'ನನ್ನ ಸಂಬಳದಲ್ಲಿ ಪ್ರತಿ ತಿಂಗಳೂ ಪಿ.ಎಫ್. ಹಿಡಿಯುತ್ತಾರೆ. ನನ್ನ ನಂಬರು ಯಾವುದು ಎಂದರೆ, ನಿನಗೆ ನಂಬರಿಲ್ಲ, ಸರ್ಟಿಫಿಕೇಟ್ ಇದೆ ಎನ್ನುತ್ತಾರೆ. ಆ ಸರ್ಟಿಫಿಕೇಟನ್ನು ನೀವು ನೋಡಿದ್ದೀರಿ. ನಾನು ನೋಡಿಲ್ಲ. ನೀವು ನೋಡಿದ್ದು ಏನು? ದಯವಿಟ್ಟು ಹೇಳಿ.'

ಕೆಳಗೆ ಸಹಿ: ಸಬೋ ಇಲ್ದಿಕೋ. ಕುಂತಿಬೆಟ್ಟದ ಬುಡದ ಸಪ್ತಧಾರಾ ಇಂಟರ್‌ನ್ಯಾಷನಲ್ ವಸತಿ ಶಾಲೆಗೆ ಹಂಗೇರಿ ದೇಶದಿಂದ ಬಂದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರಮ್ಮ.

ಕಾಗದ ಸೋಮವಾರ ಕಚೇರಿಗೆ ಬಂದಿತ್ತು. ಆ ಗಳಿಗೆಯಿಂದ ರಂಜಿತಳಿಗೆ ಕೂತಲ್ಲಿ ಕೂರಲಾಗಿರಲಿಲ್ಲ. ಪಿ.ಎಫ್. ಕಚೇರಿಯ ಜಾರಿ ಅಧಿಕಾರಿಯಾಗಿ ಹನ್ನೊಂದು ವರ್ಷ ಗಾರ್ಮೆಂಟ್ಸು, ಅಕ್ಕಿ ಮಿಲ್ಲು, ಖಾಸಗಿ ಶಾಲೆಗಳ ಕಡತ ತಿರುವಿದವಳು ಅವಳು. ದೂರಿನ ಅರ್ಜಿಗಳು ಹೊಸವಲ್ಲ. ಆದರೆ ಅರ್ಜಿಗಳೆಲ್ಲ 'ಆಯುಕ್ತರಿಗೆ' ಎಂದು ಬರುತ್ತವೆ. ಈ ಲಕೋಟೆಯ ಮೇಲೆ ಇದ್ದದ್ದು 'ಬಿ.ಡಿ. ರಂಜಿತ'. ಇನಿಷಿಯಲ್ ಸಮೇತ. ತಾನು ಮುಖವನ್ನೇ ಕಾಣದ ಹೆಂಗಸಿಗೆ ತನ್ನ ಊರು ಬಿಂಡಿಗನವಿಲೆಯ 'ಬಿ', ಅಪ್ಪ ದಾಸಯ್ಯನ 'ಡಿ' ಗೊತ್ತಾದದ್ದು ಎಲ್ಲಿಂದ?

ಶಾಲೆಗೆ ಫೋನು ಮಾಡಿದಾಗ ಬಂದ ಉತ್ತರ ಒಂದೇ ಸಾಲಿನದು: ಇಲ್ದಿಕೋ ಮೇಡಂ ಜುಲೈ ಒಂಬತ್ತಕ್ಕೇ ತಮ್ಮ ದೇಶಕ್ಕೆ ಹೋದರು.

ಒಂಬತ್ತಕ್ಕೆ ವಿಮಾನ ಹತ್ತಿದವಳ ಕೈಗೆ ಹದಿನಾಲ್ಕರ ಬೆಳಗಿನ ಎಮ್ಮೆ ಹಾಲಿನ ಚೀಟಿ ಸಿಕ್ಕಿದ್ದು ಹೇಗೆ?

"ನಡೀರಿ ಮಂಚಣ್ಣ, ಇಸ್ಕೂಲಿಗೆ," ಎಂದಳು ರಂಜಿತ. ಚೀಟಿಯನ್ನು ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ಪು ಎಳೆದಳು. ಸರಿಯಾಗಿ ಎಳೆದಿದ್ದೇನೆಯೇ ಎಂದು ದಾರಿಯಲ್ಲಿ ಎರಡು ಸಲ ಮುಟ್ಟಿ ನೋಡಿಕೊಂಡಳು.

* * *

ಆಡಳಿತಾಧಿಕಾರಿ ರಘುನಂದನನ ಕೋಣೆಯ ಗೋಡೆಗೆ 'ನಮ್ಮ ವಿದೇಶಿ ಅಧ್ಯಾಪಕರು' ಎಂಬ ಬೋರ್ಡಿತ್ತು. ಕೆಳಗೆ ಮೂರು ಫೋಟೋ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಜಾಗ ಖಾಲಿ. ಫ್ರೇಮು ತೆಗೆದ ಕಡೆ ಗೋಡೆಯ ಬಣ್ಣ ಹೊಸದಾಗಿಯೇ ಉಳಿದಿತ್ತು.

"ಕೂತ್ಕೊಳ್ಳಿ ಮೇಡಂ. ಫೋನಲ್ಲೇ ಹೇಳಿದ್ನಲ್ಲ, ಮತ್ತೆ ಯಾಕೆ ತೊಂದರೆ ತಗೊಂಡ್ರಿ?" ರಘುನಂದನ್ ಎದ್ದು ನಿಂತು ಕೈಮುಗಿದ. ನಲವತ್ತರ ಆಸುಪಾಸಿನ ಆಳು, ಇಸ್ತ್ರಿ ಕೆಡದ ಬಿಳಿ ಅಂಗಿ. ಮಾತಿಗಿಂತ ಮೊದಲು ನಗು ಬರುವ ಬಾಯಿ.

"ಇಲ್ದಿಕೋ ಅವರ ಫೈಲು ಬೇಕಿತ್ತು."

"ಅವರು ಹೋಗಿ ಹತ್ತು ದಿನ ಆಯ್ತು." ಅವನು ಡ್ರಾಯರಿನಿಂದ ಟಿಕೆಟಿನ ಪ್ರಿಂಟು ತೆಗೆದು ಮುಂದಿಟ್ಟ. ಬೆಂಗಳೂರಿನಿಂದ ಹೊರಡುವ ವಿಮಾನ, ಒಂಬತ್ತನೇ ತಾರೀಖು, ಭಾನುವಾರ.

"ಟಿಕೆಟ್ ತೆಗೆಸಿದ್ದು ಯಾರು?"

"ನಾವೇ. ಮನೆ ನೆನಪಾಗ್ತಿದೆ ಅಂದ್ರು, ಕಳಿಸಿಕೊಟ್ಟೆವು."

"ಪಾಸ್‌ಪೋರ್ಟು?"

ನಗು ಅರ್ಧ ಕ್ಷಣ ತಡವಾಯಿತು. "ಅವರ ಹತ್ತಿರಾನೇ ಇರುತ್ತಲ್ಲ ಮೇಡಂ."

ರಂಜಿತಳ ಕೈ ತನಗೆ ತಾನೇ ಬ್ಯಾಗಿನ ಮೇಲೆ ಹೋಯಿತು. ಒಳಗಿದ್ದ ಚೀಟಿಯನ್ನು ತೆಗೆದು ಮೇಜಿನ ಮೇಲೆ ಬಡಿದರೆ ಸಾಕು, ಈ ಟಿಕೆಟಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾಲಿಗೆ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಚೀಟಿಯ ಮೇಲೆ ಸದಸ್ಯರ ನಂಬರಿದೆ. ಇವನ ಕಣ್ಣಿಗೆ ಅದು ಬಿದ್ದರೆ, ಆ ನಂಬರಿನ ಮನೆ ಹುಡುಕಲು ಇವನಿಗೆ ಒಂದು ದಿನವೂ ಬೇಡ.

"ಅವರಿಗೆ ಪಿ.ಎಫ್. ನಂಬರು ಯಾಕೆ ಮಾಡಿಸಿಲ್ಲ?" ಎಂದು ಬೇರೆ ಕಡೆಯಿಂದ ಶುರುಮಾಡಿದಳು. "ಹೊರದೇಶದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಮೊದಲನೇ ದಿನದಿಂದಲೇ ಮಾಡಿಸಬೇಕು. ಪೂರ್ತಿ ಸಂಬಳದ ಮೇಲೆ ಕಟ್ಟಬೇಕು. ಗೊತ್ತಲ್ಲ?"

"ಕೆಲಸಕ್ಕೆ ಇಟ್ಟುಕೊಂಡರೆ ತಾನೆ?" ರಘುನಂದನ್ ಕುರ್ಚಿಗೆ ಒರಗಿದ. "ಅವರು ನಮ್ಮ ನೌಕರರೇ ಅಲ್ಲ. ಅವರ ದೇಶದ ಒಂದು ಶಿಕ್ಷಣ ಸಂಸ್ಥೆ ಅವರನ್ನ ನಮ್ಮಲ್ಲಿಗೆ ಕಳಿಸಿತ್ತು. ಸಂಬಳ, ವಿಮೆ, ಪಿಂಚಣಿ ಎಲ್ಲ ಅಲ್ಲಿಂದಾನೇ. ಆ ದೇಶಕ್ಕೂ ನಮ್ಮ ದೇಶಕ್ಕೂ ಒಪ್ಪಂದ ಇದೆ, ನಿಮಗೆ ನಾನು ಹೇಳಬೇಕಾ? ಅಲ್ಲಿ ಕಟ್ಟುತ್ತಿರೋರು ಇಲ್ಲಿ ಮತ್ತೆ ಕಟ್ಟಬೇಕಾಗಿಲ್ಲ. ಅದಕ್ಕೆ ಅಲ್ಲಿನ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ನಮ್ಮ ಹತ್ತಿರ ಇದೆ."

"ಆ ಸರ್ಟಿಫಿಕೇಟ್ ತೋರಿಸಿ."

ಬೀರು ತೆರೆದುಕೊಂಡಿತು. ನೀಲಿ ಫೈಲು ಬಂತು. ಅದನ್ನು ಬಿಚ್ಚಿ, ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟ.

ದಪ್ಪ ಕಾಗದ, ಗುಂಡನೆಯ ಮೊಹರು. ಎಡಗಡೆ ಇಂಗ್ಲಿಷ್, ಬಲಗಡೆ ಅವರ ಹಂಗೇರಿ ಭಾಷೆ. ಬುಡಾಪೆಸ್ಟಿನ ಯಾವುದೋ ಪ್ರತಿಷ್ಠಾನದ ಹೆಸರು ಮಾಲೀಕರ ಜಾಗದಲ್ಲಿತ್ತು. ರಂಜಿತ ಮೊದಲು ಇಂಗ್ಲಿಷ್ ಭಾಗ ಓದಿದಳು. ಒಂದು ತಪ್ಪಿರಲಿಲ್ಲ. ಆಮೇಲೆ, ಅರ್ಥವಾಗದಿದ್ದರೂ, ಬಲಗಡೆಯ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಹೋದಳು.

ಬೆರಳು ಹೆಸರಿನ ಮೇಲೆ ನಿಂತಿತು.

'ಇಲ್ದಿಕೋ ಸಬೋ.'

ಡೇರಿ ಚೀಟಿಯ ಕೆಳಗಿದ್ದದ್ದು 'ಸಬೋ ಇಲ್ದಿಕೋ'. ಸೋಮವಾರ ರಾತ್ರಿ ಗಂಜಾಮಿನ ತನ್ನ ಮನೆಯಲ್ಲಿ ಕೂತು ಫೋನಿನಲ್ಲಿ ಹಂಗೇರಿಯ ಬಗ್ಗೆ ಹುಡುಕುವಾಗ ಆ ದೇಶದವರ ಪದ್ಧತಿ ಅವಳಿಗೆ ತಿಳಿದಿತ್ತು. ಮನೆತನದ ಹೆಸರು ಮುಂದೆ, ಇಟ್ಟ ಹೆಸರು ಹಿಂದೆ. ಅದನ್ನು ಓದಿ, ಅರೆ, ನಮ್ಮ ಹಾಗೇ ಎಂದುಕೊಂಡಿದ್ದಳು. ಬಿಂಡಿಗನವಿಲೆ ದಾಸಯ್ಯನ ಮಗಳು ರಂಜಿತ. ತಾರೀಖೂ ಅಷ್ಟೇ. ಅವರು ವರ್ಷ ಮೊದಲು ಬರೆದು, ತಿಂಗಳು, ಆಮೇಲೆ ದಿನ ಬರೆಯುತ್ತಾರೆ. ಚೀಟಿಯ ಬೆನ್ನಿನ ಕಾಗದದ ತಲೆಯಲ್ಲಿ ಮೇಷ್ಟ್ರಮ್ಮ ಹಾಗೇ ಬರೆದಿದ್ದಳು. ಇಲ್ಲಿ ಹಂಗೇರಿ ಭಾಷೆಯ ಕಡೆಯಲ್ಲೂ ದಿನ ಮೊದಲು, ವರ್ಷ ಕೊನೆಗೆ. ಥೇಟು ನಮ್ಮ ತಾಲ್ಲೂಕು ಕಚೇರಿಯಲ್ಲಿ ಬರೆದ ಹಾಗೆ.

"ರಘುನಂದನ್ ಅವರೇ, ಒಂದು ಸರ್ಕಾರಿ ಕಚೇರಿಯವರು ತಮ್ಮ ಭಾಷೆಯಲ್ಲೇ, ತಮ್ಮ ಊರಿನವಳ ಹೆಸರನ್ನೇ ಉಲ್ಟಾ ಬರೀತಾರಾ?"

"ಅಂದರೆ?"

"ಇದನ್ನು ಬರೆದವರಿಗೆ ಹಂಗೇರಿ ಭಾಷೆ ಬರಲ್ಲ ಅಂದರೆ. ಈ ಸರ್ಟಿಫಿಕೇಟ್ ಸುಳ್ಳು."

ಹೊರಗೆ ಗಾಳಿ ಕಿಟಕಿಯ ಗಾಜನ್ನು ಅಲ್ಲಾಡಿಸಿತು. ರಘುನಂದನ್ ಕೋಪ ಮಾಡಿಕೊಳ್ಳಲಿಲ್ಲ. ಅವನ ಮುಖದಲ್ಲಿ ಒಂದು ಬಗೆಯ ಕನಿಕರ ಕಾಣಿಸಿತು.

"ಹಾಗಂತೀರಾ? ಹಿಂದುಗಡೆ ತಿರುಗಿಸಿ ನೋಡಿ ಮೇಡಂ."

ಅವಳು ಹಾಳೆ ತಿರುಗಿಸಿದಳು.

'ವೆರಿಫೈಡ್ ವಿತ್ ಒರಿಜಿನಲ್' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. 22-11-2022. ಅದರ ಕೆಳಗೆ ಅವಳದೇ ಹೆಸರಿನ ರಬ್ಬರ್ ಸ್ಟಾಂಪು, ಇನಿಷಿಯಲ್ ಸಮೇತ. ಸ್ಟಾಂಪಿನ ಮೇಲೆ ಸಹಿ. ಕನ್ನಡದ 'ರ', ಅದರ ಬಾಲ ಹಿಂದಕ್ಕೆ ಸುತ್ತಿ ಬಂದು, ಕೆಳಗೆ ಎರಡು ಚುಕ್ಕೆ.

ಅವಳದೇ ಸಹಿ.

ನವೆಂಬರ್ ಇಪ್ಪತ್ತೆರಡು. ಅದರ ಹಿಂದಿನ ದಿನ ಬಿಂಡಿಗನವಿಲೆಯಲ್ಲಿ ಅವ್ವನ ತಿಥಿ. ರಜೆ ಮುಗಿದಿತ್ತು, ಮೂರು ಶಾಲೆಗಳ ತಪಾಸಣೆ ಬಾಕಿ ಉಳಿದಿತ್ತು. ಈ ಕೋಣೆಗೆ ಬಂದದ್ದು ನೆನಪಿದೆ. ಯಾರೋ ಕಾಫಿ ತಂದು ಕೊಟ್ಟರು; ಕಾಫಿಯ ಮೇಲೆ ಕೆನೆ ಕಟ್ಟುವವರೆಗೂ ಅದನ್ನೇ ನೋಡುತ್ತ ಕೂತಿದ್ದು ನೆನಪಿದೆ. ಪಕ್ಕದಲ್ಲಿ ಫೈಲುಗಳ ಅಟ್ಟಿ ಇತ್ತು. ಅವುಗಳಲ್ಲಿ ಏನಿತ್ತು? ಏನನ್ನು ಓದಿದೆ, ಯಾವುದಕ್ಕೆ ಸಹಿ ಹಾಕಿದೆ? ಒಂದೂ ನೆನಪಿಲ್ಲ.

ಹಾಕಿರಲೂಬಹುದು.

"ಆವತ್ತು ನೀವು ತುಂಬ ಬೇಜಾರಲ್ಲಿದ್ರಿ," ರಘುನಂದನ್ ಮೆಲ್ಲಗೆ ಹೇಳಿದ. "ತಾಯಿ ಹೋಗಿದ್ರು ಅಂತ ಆಮೇಲೆ ಗೊತ್ತಾಯ್ತು. ಮನುಷ್ಯರು ತಾನೆ, ಆಗುತ್ತೆ. ಈಗ ಇದನ್ನ ಸುಳ್ಳು ಅಂತ ಎತ್ತಿ ಆಡಿದರೆ ಮೊದಲು ಪ್ರಶ್ನೆ ಬರೋದು ಯಾರಿಗೆ? ಮೂಲ ನೋಡಿದೆ, ಸರಿಯಾಗಿದೆ ಅಂತ ಬರೆದುಕೊಟ್ಟವರಿಗೆ. ನನಗೇನು? ನಮಗೆ ಯಾರೋ ಏಜೆಂಟ್ ತಂದುಕೊಟ್ಟ, ನಾವು ನಿಮ್ಮ ಮುಂದಿಟ್ಟೆವು, ನೀವು ಒಪ್ಪಿದಿರಿ."

"ಹೆದರಿಸ್ತಿದ್ದೀರಾ?"

"ಅಯ್ಯೋ! ನಿಮ್ಮ ಒಳ್ಳೇದಕ್ಕೆ ಹೇಳ್ತಿದ್ದೀನಿ. ಆಯಮ್ಮ ಊರಿಗೆ ಹೋಗಿ ಆಯ್ತು. ಅವರ ಕಡೆಯೋರು ಯಾರೂ ಕೇಳಿಲ್ಲ. ನಾವು ಕೇಳೋ ಹಾಗಿಲ್ಲ, ಯಾಕೆಂದರೆ ಅವರು ನಮ್ಮ ನೌಕರರಲ್ಲ. ನೀವೊಬ್ಬರು ಯಾಕೆ ತಲೆ ಮೇಲೆ ಎಳ್ಕೊಳ್ತೀರಿ?"

ಆ ಒಂದು ಹಾಳೆಯ ಕೆಲಸ ಎಷ್ಟು ದೊಡ್ಡದು ಎಂಬುದು ರಂಜಿತಳಿಗೆ ಆಗ ಹೊಳೆಯಿತು. ಕಟ್ಟದೆ ಉಳಿಸಿಕೊಂಡ ಪಿ.ಎಫ್. ಅದರಲ್ಲಿ ಒಂದು ಚೂರು ಅಷ್ಟೇ. ಈ ಹಾಳೆ ಇರುವ ತನಕ ಇಲ್ದಿಕೋ ಎಂಬ ಮೇಷ್ಟ್ರಮ್ಮ ಈ ಊರಿನಲ್ಲಿ ಯಾರ ಕೈಕೆಳಗೂ ಕೆಲಸ ಮಾಡಿಲ್ಲ. ಬಿದ್ದು ಕಾಲು ಮುರಿದರೆ ಆಸ್ಪತ್ರೆಗೆ ಸೇರಿಸುವ ಹೊಣೆ ಯಾರದೂ ಅಲ್ಲ. ಕಾಣೆಯಾದರೆ ದೂರು ಕೊಡುವ ಹೊಣೆಯೂ ಯಾರದೂ ಅಲ್ಲ.

ಜೊತೆಗೇ ಇನ್ನೊಂದು ಮಾತು ಬಿಚ್ಚಿಕೊಂಡಿತು. 'ಆ ಸರ್ಟಿಫಿಕೇಟನ್ನು ನೀವು ನೋಡಿದ್ದೀರಿ.' ಇನಿಷಿಯಲ್ ಸಮೇತ ತನ್ನ ಹೆಸರು ಅವಳಿಗೆ ಗೊತ್ತಾದದ್ದು ಈ ಹಾಳೆಯ ಬೆನ್ನಿನಿಂದ.

ಅವಳು ಫೋನು ತೆಗೆದು ಹಾಳೆಯ ಎರಡೂ ಬದಿಯ ಫೋಟೋ ತೆಗೆದುಕೊಂಡಳು. ರಘುನಂದನ್ ತಡೆಯಲಿಲ್ಲ.

"ತಗೊಳ್ಳಿ, ತಗೊಳ್ಳಿ. ನಿಮ್ಮ ಸಹಿ ನಿಮಗಿಲ್ವಾ?"

"ಅವರಿದ್ದ ರೂಮು ನೋಡಬೇಕು."

"ಧಾರಾಳವಾಗಿ." ಅವನು ಬೆಲ್ಲು ಒತ್ತಿದ. "ಪುಟ್ಟಲಕ್ಷ್ಮಮ್ಮ, ಮೇಡಂಗೆ ಕ್ವಾರ್ಟರ್ಸ್ ತೋರಿಸಿ ಬಾ. ಬೇಗ."

* * *

ಪುಟ್ಟಲಕ್ಷ್ಮಮ್ಮ ಕ್ವಾರ್ಟರ್ಸಿನ ಆಯಾ. ಐವತ್ತು ದಾಟಿದ ಗಟ್ಟಿ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಮುಂದೆ ಮುಂದೆ ನಡೆದಳು.

ರೂಮು ಬೋಳಾಗಿತ್ತು. ಹಾಸಿಗೆ ಸುತ್ತಿಟ್ಟಿದ್ದರು, ಕಪಾಟು ಖಾಲಿ, ನೆಲಕ್ಕೆ ಫಿನಾಯಿಲು ಹಾಕಿ ಒರೆಸಿದ ವಾಸನೆ.

"ಇಲ್ದಿಕೋ ಮೇಡಂ ಹೋಗುವಾಗ ನೀವು ಇದ್ರಾ?" ರಂಜಿತ ಕೇಳಿದಳು.

"ನಂಗೇನೂ ಗೊತ್ತಿಲ್ಲ ಕಣಮ್ಮ. ಒಂಬತ್ನೇ ತಾರೀಕು ಓದ್ರು. ಏರೋಪ್ಲೇನಲ್ಲಿ ಓದ್ರು." ಕಲಿಸಿಕೊಟ್ಟ ಪಾಠದ ಹಾಗಿತ್ತು. ಹೇಳುವಾಗ ಅವಳ ಕಣ್ಣು ಬಾಗಿಲ ಕಡೆಗಿತ್ತು.

ರಂಜಿತ ಬಾಗಿಲು ಮುಂದಕ್ಕೆ ತಳ್ಳಿದಳು. 'ಮೇಡಂ'ಗಿರಿ ಬಿಟ್ಟು ತನ್ನ ಊರಿನ ಮಾತಿಗೆ ಇಳಿದಳು.

"ಅಕ್ಕಾ, ನಾನೂ ನಾಗಮಂಗಲದ ಕಡೆಯೋಳೇ. ಪೊಲೀಸಲ್ಲ. ಆಯಮ್ಮ ನಂಗೊಂದು ಕಾಗ್ದ ಬರ್ದವ್ಳೆ. ನೋಡು."

ಬ್ಯಾಗಿನಿಂದ ಚೀಟಿ ತೆಗೆದು, ಅಚ್ಚಿನ ಬದಿ ಮೇಲಾಗಿ ಹಿಡಿದಳು. ಪುಟ್ಟಲಕ್ಷ್ಮಮ್ಮ ಓದಲಿಲ್ಲ, ಓದು ಬರುತ್ತದೋ ಇಲ್ಲವೋ. ಆದರೆ ಅಂಕಿ ಬರುತ್ತಿತ್ತು.

"ನೂರಾ ಹದ್ನೇಳು," ಎಂದಳು. ಬೀಗದ ಕೈಗಳ ಸದ್ದು ನಿಂತಿತು. "ಅಯ್ಯೋ ಶಿವನೇ, ಇದು ನಮ್ಮಕ್ಕನ ನಂಬರು."

"ಯಾವೂರು?"

"ಸಿಂಧಘಟ್ಟ. ನಮ್ಮಕ್ಕ ಪಾರ್ವತಮ್ಮ ಅಂತವ. ಒಂದು ಎಮ್ಮೆ ಕಟ್ಟವ್ಳೆ." ಅವಳು ರಂಜಿತಳ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದುಕೊಂಡಳು. ತಡೆದಿಟ್ಟಿದ್ದ ಮಾತು ಒಮ್ಮೆಗೇ ನುಗ್ಗಿತು. "ನಾನೇ ಕರ್ಕೊಂಡೋಗಿ ಬುಟ್ಟೆ ಕಣವ್ವ. ಇಳ್ಕೋ ಮಿಸ್ಸು ಅವ್ರ ದೇಸದ ಆಪೀಸ್ಗೆ ಬರ್ದಿದ್ರಂತೆ, ನನ್ ಸರ್ಟಿಪಿಕೇಟು ಕೊಟ್ಟೋರು ನೀವೇನಾ ಅಂತವ. ನಾವು ಕೊಟ್ಟೇ ಇಲ್ಲ ಅಂತ ಅವ್ರು ಬರ್ದ್ಬುಟ್ರು. ಅದ್ನ ಇಟ್ಕೊಂಡು ಈವಯ್ಯನ್ನ ಕೇಳುದ್ರೆ, ಪೀಯೆಪ್ ಆಪೀಸ್ನೋರೇ ಒಪ್ಪವ್ರೆ ನೋಡು ಅಂತ ಕಾಗ್ದದ ಬೆನ್ನು ತೋರ್ಸುದ್ನಂತೆ. ಮುಂದ್ಲು ಮಗ್ಗುಲು ತೋರ್ಸ್ನಿಲ್ವಂತೆ. ಮಿಸ್ಸು ಅಂಗೇ ಅದ್ರ ಪಟ ತಕ್ಕೊಂಡವ್ರೆ, ಪೋನಲ್ಲಿ."

"ಆಮೇಲೆ?"

"ಭಾನ್ವಾರ ಮಕ್ಳು ಊಟುಕ್ ಕುಂತಿದ್ವು. ಒಂದು ಕಾರು ಬಂತು, ಇಬ್ರು ಗಂಡಸ್ರು. ಏರೋಪ್ಲೇನ್ಗೆ ಬುಡ್ತೀವಿ, ಕಾರತ್ತು ಅಂದ್ರು. ಪಾಸ್‌ಪೋಲ್ಟು ಆಪೀಸ್ ಬೀರುಲಿ ಅದೆ, ನಾನೇ ಕಂಡಿವ್ನಿ! ಪಾಸ್‌ಪೋಲ್ಟಿಲ್ದೆ ಅದ್ಯಾವ ಏರೋಪ್ಲೇನವ್ವ? ನಂಗೆ ಜೀವ ಒಡ್ಕೊಂಡ್ಬುಡ್ತು. ಬಚ್ಚಲ ಬಾಗ್ಲಿಂದ ಈಚ್ಗೆ ಕರ್ಕೊಂಡು, ಗದ್ದೆ ಬಯ್ಲಲ್ಲಿ ನಡ್ಸ್ಕೊಂಡು ಬಸ್ಸತ್ತುಸ್ದೆ."

"ನಿಮ್ಮಕ್ಕನಿಗೆ ಫೋನ್ ಮಾಡು. ನಾನು ಬರ್ತಾ ಇದೀನಿ, ಆಯಮ್ಮನ್ನ ಹೊರಗೆ ಬಿಡಬೇಡ ಅಂತ ಹೇಳು."

ಪುಟ್ಟಲಕ್ಷ್ಮಮ್ಮ ಒತ್ತಿದಳು, ಕಾದಳು. ಮತ್ತೆ ಒತ್ತಿದಳು.

"ಪೋನು ಆಪಾಗದೆ ಅಂತದಲ್ಲವ್ವ. ಆಗ್ಲಿಂದ್ಲೂ ಇಂಗೇಯ."

* * *

ಚಿನಕುರಳಿ ದಾಟಿ ಕೆ.ಆರ್. ಪೇಟೆ ರಸ್ತೆಗೆ ಬೀಳುವ ಹೊತ್ತಿಗೆ ಹನ್ನೆರಡು ಗಂಟೆ. ಆಲೆಮನೆಯೊಂದರ ಹೊಗೆ ನೆಟ್ಟಗೆ ಏರಲಾಗದೆ ರಸ್ತೆಗೇ ಅಡ್ಡ ಬಿದ್ದಿತ್ತು. ಕಬ್ಬು ತುಂಬಿದ ಟ್ರಾಕ್ಟರೊಂದು ದಾರಿ ಬಿಡದೆ ಮುಂದೆ ಮುಂದೆ ತೆವಳುತ್ತಿತ್ತು. ಮಂಚಯ್ಯ ಹಾರನ್ನು ಒತ್ತಿದ ಕೈ ತೆಗೆಯಲಿಲ್ಲ.

ರಂಜಿತ ಫೋಟೋ ತೆರೆದು ಸಹಿಯನ್ನು ದೊಡ್ಡದು ಮಾಡಿ ನೋಡಿದಳು, ಮುಚ್ಚಿದಳು, ಮತ್ತೆ ತೆರೆದಳು. ಬಾಲ ಸುತ್ತಿದ 'ರ'. ಎರಡು ಚುಕ್ಕೆ. ಎಷ್ಟು ನೋಡಿದರೂ ಅದು ಬೇರೆಯವರದಾಗಲಿಲ್ಲ.

"ಏನವ್ವ, ಮೊಕ ಇಳ್ದೋಗದೆ?" ಮಂಚಯ್ಯ ಕನ್ನಡಿಯಲ್ಲಿ ನೋಡಿ ಕೇಳಿದ.

"ಒಬ್ಬಳನ್ನ ಇಲ್ಲ ಅನ್ನಿಸಿಬಿಟ್ಟಿದ್ದೀನಿ ಮಂಚಣ್ಣ. ಓದದೆ ಸಹಿ ಹಾಕಿ."

"ಓದ್ದೆ ಆಕುದ್ದು ನಿಮಗೆ ಗ್ಯಾನ ಅದಾ?"

"ಇಲ್ಲ."

"ಗ್ಯಾನ ಇಲ್ದುದ್ನ ಮಾಡಿವ್ನಿ ಅಂತ ಯಾಕ್ ಒಪ್ಕೊಂಡೀರಿ? ವಸಿ ತಡೀರಿ."

ಹೇಗಾದರೂ ಆಗಲಿ, ಮೊದಲು ಆ ಹೆಂಗಸಿನ ಮುಂದೆ ಕೂತು, ನಾನು ನೋಡಿದ್ದು ಇದು ಎಂದು ಹೇಳಬೇಕು. ಅವಳಿಂದ ಒಂದು ಹೇಳಿಕೆ ಬರೆಸಿಕೊಳ್ಳಬೇಕು. ತನ್ನ ಕೆಲಸ ಹೋದರೆ ಹೋಗಲಿ.

ಸಿಂಧಘಟ್ಟದ ಕೆರೆ ಏರಿಯ ಮೇಲೆ ಗಾಳಿ ಕಾರನ್ನೇ ಪಕ್ಕಕ್ಕೆ ತಳ್ಳುವಂತಿತ್ತು. ಡೇರಿಯ ಹತ್ತಿರ ಪಾರ್ವತಮ್ಮನ ಮನೆ ಕೇಳಿದ್ದಕ್ಕೆ, 'ಎಮ್ಮೆ ಪಾರ್ವತಮ್ಮನ ಮನೆಯಾ?' ಎಂದು ಒಬ್ಬ ಓಣಿ ತೋರಿಸಿದ. ಕಾರು ಒಳಗೆ ಹೋಗುವಷ್ಟು ಜಾಗವಿರಲಿಲ್ಲ. ಮಂಚಯ್ಯನನ್ನು ಓಣಿಯ ಬಾಯಲ್ಲೇ ಬಿಟ್ಟು ರಂಜಿತ ಇಳಿದು ಓಡುನಡಿಗೆಯಲ್ಲಿ ಹೋದಳು.

ಪಾರ್ವತಮ್ಮ ಮನೆ ಮುಂದೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ತಂಗಿಯದೇ ಮುಖ, ಇನ್ನು ಹತ್ತು ವರ್ಷ ಹೆಚ್ಚು.

"ಪಾರ್ವತಮ್ಮನೋರೆ, ಮಿಸ್ಸು ಎಲ್ಲಿ?"

ಪಾರ್ವತಮ್ಮ ತಲೆಯೆತ್ತಿದಳು. "ಯಾವ ಮಿಸ್ಸವ್ವ?"

"ಪುಟ್ಟಲಕ್ಷ್ಮಮ್ಮನೇ ಕಳಿಸಿದ್ದು ನನ್ನ. ಆಗಲಿಂದ ನಿಮಗೆ ಫೋನ್ ಮಾಡ್ತಾನೇ ಇದ್ದಾರೆ."

"ಪೋನಾ? ಅದ್ನ ಆ ಮೇಡಮ್ಮೇ ಆರ್ಸಿ ಮಡುಗಿ ಅಂದ್ರು, ಯಾರಾರ ಪತ್ತೆ ಅಚ್ಚಾರು ಅಂತವ." ಮುದುಕಿ ಹುಲ್ಲಿನ ಕೈ ಒದರಿಕೊಂಡಳು. "ನೀವು ಅವ್ರ ಕಡೆಯೋರಾ? ಅರ್ಧ ಗಂಟೆ ಆಯ್ತು ಓಗಿ. ನಾಗ್ಮಂಗ್ಲದ ಕಡೀಕೆ ತಿರುಕ್ಕೊಂಡ್ರು."

"ಯಾವ ಮೇಡಂ?"

"ಪೀಯೆಪ್ ಆಪೀಸ್ನೋರು. ರಂಜಿತಮ್ಮ."

ರಂಜಿತ ಜಗಲಿಯ ಕಂಬ ಹಿಡಿದುಕೊಂಡಳು. ಎಮ್ಮೆ ಹುಲ್ಲು ಮೆಲ್ಲುವ ಸದ್ದು ಕಿವಿಯೊಳಗೇ ಆಗುತ್ತಿದ್ದಂತಿತ್ತು.

"ಅವರಿಗೆ ನಿಮ್ಮ ಮನೆ ಹೇಗೆ ಗೊತ್ತಾಯ್ತು?"

"ಮಿಸ್ಸೇ ಬರ್ದಿದ್ರಲ್ಲ. ಮೊದಲ್ನೇ ಕಾಗ್ದದಲ್ಲಿ ಎದ್ರಿ ಊರೆಸ್ರು ಅರ್ದಾಕಿದ್ರು. ಆಮ್ಯಾಕೆ, ಇಂಗಾದ್ರೆ ಅವ್ರು ನನ್ನ ಕಂಡಿಡ್ಯೋದೆಂಗೆ ಅಂತ ಶನಿವಾರ ಇನ್ನೊಂದು ಬರುದ್ರು, ವಿಳಾಸ ಆಕಿ. ಅದೇ ಕಾಗ್ದ ಕೈಯಲ್ಲಿಡ್ಕೊಂಡು ಬಂದಿದ್ರು."

ಎರಡನೆಯ ಕಾಗದ. ರಂಜಿತಳ ಕೈಗೆ ಎರಡನೆಯ ಕಾಗದ ಬಂದೇ ಇರಲಿಲ್ಲ.

"ಮಿಸ್ಸು ಸುಮ್ನೆ ಓಗ್ಲಿಲ್ಲ ಕಣವ್ವ, ಬಲು ಉಸಾರು," ಪಾರ್ವತಮ್ಮ ಹೆಮ್ಮೆಯಿಂದ ಹೇಳಿದಳು. "ಕಾರ್ಡು ತೋರ್ಸುದ್ರೂ ನಂಬ್ನಿಲ್ಲ. ಸಹಿ ಆಕಿ ತೋರ್ಸಿ ಅಂದ್ರು. ಆ ಮೇಡಮ್ಮು ನಗಾಡ್ಕೊಂಡು, ನಿಂತ ನಿಲುವ್ನಲ್ಲೇ ಗೀಚ್ಬುಟ್ರು. ಮಿಸ್ಸು ಪೋನಲ್ಲಿ ಪಟ ಇತ್ತಲ್ಲ, ಅದ್ರ ಪಕ್ಕುಕ್ಕೆ ಮಡುಗಿ ನೋಡುದ್ರು. ಅದೇಯ! ಒಂದ್ ಗೀಟು ಎಚ್ಚುಕಮ್ಮಿ ಇಲ್ಲ. ಮಿಸ್ಸು ಅತ್ತೇಬುಟ್ರು. ನನ್ನ ತಬ್ಕೊಂಡು ಕಾರತ್ತುದ್ರು."

"ಆ ಸಹಿ ಎಲ್ಲಿ?"

ಮುದುಕಿ ಬಾಗಿಲ ಸಂದಿಗೆ ಸಿಕ್ಕಿಸಿದ್ದ ಡೇರಿ ಚೀಟಿಯೊಂದನ್ನು ತೆಗೆದು ಕೊಟ್ಟಳು. ಬೆನ್ನಿನ ಮೇಲೆ ಕಪ್ಪು ಇಂಕು. ಬಾಲ ಸುತ್ತಿದ 'ರ', ಕೆಳಗೆ ಎರಡು ಚುಕ್ಕೆ. ತನ್ನ ಕೈಯೇ ತನಗೆ ತಿಳಿಯದೆ ಬಂದು ಬರೆದು ಹೋದಂತಿತ್ತು. ಯಾರೋ ಇಷ್ಟು ಸಲೀಸಾಗಿ ಇದನ್ನು ಬರೆಯಬಲ್ಲರಾದರೆ, ನವೆಂಬರ್ ಇಪ್ಪತ್ತೆರಡರ ಸಹಿ?

"ಅಮ್ಮಾ, ಕೇಳಿ. ನಾನೇ ರಂಜಿತ. ಬಂದಿದ್ದೋಳು ನಾನಲ್ಲ. ಆ ಕಾರು ಯಾವ ಬಣ್ಣ, ಬೇಗ ಹೇಳಿ!" ಅವಳು ಕೊರಳಲ್ಲಿದ್ದ ಗುರುತಿನ ಕಾರ್ಡು ಎಳೆದು ಮುಂದೆ ಹಿಡಿದಳು.

ಪಾರ್ವತಮ್ಮ ಕಾರ್ಡನ್ನು ನೋಡಲಿಲ್ಲ. ರಂಜಿತಳ ಮುಖವನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಅಡ್ಡ ನಿಂತಳು.

"ಕಾರ್ಡು ಅವ್ರತಾವ್ಲೂ ಇತ್ತು. ಮಿಸ್ಸು ಓಗೋವಾಗ ಒಂದ್ ಮಾತು ಯೋಳವ್ರೆ. ನನ್ನ ಉಡುಕ್ಕೊಂಡು ಯಾರೇ ಬಂದ್ರೂ ಸಹಿ ಆಕ್ಸು ಅಂತವ." ಚೀಟಿಯನ್ನು ಕಿತ್ತುಕೊಂಡು, ಅದರ ಖಾಲಿ ಜಾಗ ತೋರಿಸಿದಳು. "ಎಲ್ಲಿ, ನೀನೂ ಆಕು ನೋಡುವ."

ರಂಜಿತ ಪೆನ್ನು ತೆಗೆದಳು. ಹನ್ನೊಂದು ವರ್ಷದಲ್ಲಿ ಸಾವಿರ ಸಾವಿರ ಸಲ ಹಾಕಿದ ಸಹಿ. ಚೀಟಿಯನ್ನು ಕಂಬಕ್ಕೆ ಒತ್ತಿ ಹಿಡಿದಳು. ನಾಗಮಂಗಲದ ರಸ್ತೆಯಲ್ಲಿ ಓಡುತ್ತಿರುವ ಕಾರು ಕಣ್ಣ ಮುಂದೆ ಬಂತು. 'ರ' ದ ಬಾಲ ಸುತ್ತದೆ ಪಕ್ಕಕ್ಕೆ ಜಾರಿತು. ಒಂದು ಚುಕ್ಕೆ ಬಿದ್ದಲ್ಲಿ ಕಾಗದ ತೂತಾಯಿತು.

ಪಾರ್ವತಮ್ಮ ಎರಡೂ ಸಹಿಗಳನ್ನು ಬೆಳಕಿಗೆ ಹಿಡಿದು, ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದಳು.

"ಇದು ಅದಲ್ಲ," ಎಂದಳು.

ಆಮೇಲೆ ಓಣಿಯ ಕಡೆ ತಿರುಗಿ, ನೆರೆಮನೆಯವನಿಗೆ ಎಮ್ಮೆ ಬೆಚ್ಚುವಂತೆ ಕೂಗಿದಳು:

"ಲೇ ಕರಿಯಪ್ಪ! ಓಣಿ ಬಾಯಲ್ಲಿ ನಿಂತಿರೋ ಕಾರಿನ ಕೀ ಕಿತ್ಕೊಳ್ಲಾ! ಮಿಸ್ಸುನ್ನ ಇಡ್ಕೊಂಡೋಗೋರು ಬಂದ್ಬುಟ್ಟವ್ರೆ!"